ಅಪ್ಪನ ಪಾಸ್‌ಪೋರ್ಟ್ ಅಪ್ಪನ ಜೇಬಲ್ಲೇ ಇರಲಿ

ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗಿನಿಂದ ನಮ್ಮಲ್ಲಿ ಎಷ್ಟೋ ಜನ ಮನಸ್ಸಿನಲ್ಲಿಟ್ಟುಕೊಂಡ ಆಸೆ ಒಂದಿದೆ. ಅಪ್ಪ-ಅಮ್ಮನನ್ನು ಒಂದ್ಸಲ ಫಾರಿನ್‌ಗೆ ಕರ್ಕೊಂಡು ಹೋಗ್ಬೇಕು. ಆದರೆ ಹೋಮ್ ಲೋನ್, ಪ್ರಾಜೆಕ್ಟ್ ರಿಲೀಸ್, ಮನೆಯಲ್ಲೊಂದು ಮದುವೆ ಅಂತ ಅದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗ್ತಾನೇ ಇರುತ್ತೆ. ಅಷ್ಟರಲ್ಲಿ ಅಪ್ಪನ ಮಾತ್ರೆ ಡಬ್ಬಿ ದೊಡ್ಡದಾಗಿರುತ್ತೆ, ಅಮ್ಮ ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡೋಕೆ ಶುರು ಮಾಡಿರ್ತಾಳೆ.

ನಾನು ಮಾರ್ಚ್‌ ತಿಂಗಳಲ್ಲಿ ಇಬ್ಬರನ್ನೂ ಒಂಬತ್ತು ದಿನ ವಿಯೆಟ್ನಾಂಗೆ ಕರ್ಕೊಂಡು ಹೋಗಿದ್ದೆ. ಅಪ್ಪ ತಿಪಟೂರಿನಲ್ಲಿ ಹೈಸ್ಕೂಲ್ ಗಣಿತ ಮೇಷ್ಟ್ರಾಗಿ ರಿಟೈರ್ ಆದವರು, ಬಿಪಿ ಮತ್ತು ಶುಗರ್ ಎರಡೂ ಇದೆ. ಅಮ್ಮ ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ, ಜೊತೆಗೆ ಮಂಡಿ ನೋವು. ಇಬ್ಬರಿಗೂ ಅದು ಮೊದಲ ವಿದೇಶ ಪ್ರವಾಸ. ಅದಾದ ಮೇಲೆ ಆಫೀಸಿನಲ್ಲಿ ಯಾರೇ ಅಪ್ಪ-ಅಮ್ಮನ ಜೊತೆ ಹೊರಟರೂ "ನಿನ್ನ ಶೀಟ್ ಕಳ್ಸು" ಅಂತ ಮೆಸೇಜ್ ಮಾಡ್ತಾರೆ. ಶೀಟ್ ಕಳಿಸ್ತೀನಿ. ಆದರೆ ಶೀಟಿನಲ್ಲಿ ಹಾಕಲಾಗದ ಒಂದು ವಿಷಯ ಇದೆ. ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದರಿಂದ ಇಲ್ಲಿ ಬರೀತಿದ್ದೀನಿ.

ಕರ್ಕೊಂಡು ಹೋಗೋದು ಬೇರೆ, ಹೊತ್ಕೊಂಡು ಹೋಗೋದು ಬೇರೆ

ಚಿಕ್ಕವರಿದ್ದಾಗ ಹೋದ ಪ್ರವಾಸಗಳನ್ನು ನೆನಪಿಸಿಕೊಳ್ಳಿ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ. ಬಸ್ಸಿನ ಟೈಮು ಅಪ್ಪನ ಬಾಯಲ್ಲಿ, ಟಿಕೆಟ್ ಅಪ್ಪನ ಷರ್ಟಿನ ಜೇಬಲ್ಲಿ. ಬುತ್ತಿ, ನೀರು, ವಾಂತಿಗೆ ನಿಂಬೆಹಣ್ಣು ಎಲ್ಲಾ ಅಮ್ಮನ ಚೀಲದಲ್ಲಿ. ಮೂವತ್ತು ವರ್ಷ ಮನೆಯವರನ್ನೆಲ್ಲ ಸುರಕ್ಷಿತವಾಗಿ ಕರೆದುಕೊಂಡು ಹೋಗಿ ಬಂದ ಜನ ಇವರು.

ಅಂಥವರನ್ನು ನಾವು ಏರ್‌ಪೋರ್ಟಿನಲ್ಲಿ ಕೂರಿಸಿ "ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಅಂತೀವಿ. ಪಾಸ್‌ಪೋರ್ಟ್ ನಮ್ಮ ಬ್ಯಾಗಲ್ಲಿ, ದುಡ್ಡು ನಮ್ಮ ಕಾರ್ಡಲ್ಲಿ, ಇಂಟರ್ನೆಟ್ ನಮ್ಮ ಹಾಟ್‌ಸ್ಪಾಟಲ್ಲಿ. ಪ್ರೀತಿಯಿಂದಲೇ ಮಾಡೋದು, ಅನುಮಾನ ಇಲ್ಲ. ಆದರೆ ಅವರ ಕಡೆಯಿಂದ ನೋಡಿದರೆ ಒಂದು ಬಾಟಲಿ ನೀರು ಬೇಕಾದರೂ ಮಕ್ಕಳನ್ನು ಕೇಳಬೇಕು. ಮಕ್ಕಳು ಎರಡು ಹೆಜ್ಜೆ ಮುಂದೆ ಹೋದರೆ ಎದೆ ಢವಢವ. ಒಂಬತ್ತು ದಿನ ಹೀಗೆ ಇದ್ದು ಊರಿಗೆ ಬಂದವರು "ಚೆನ್ನಾಗಿತ್ತು ಕಣೇ" ಅಂತಾರೆ, ಆದರೆ "ಇನ್ನೊಂದ್ಸಲ ಹೋಗೋಣ" ಅನ್ನಲ್ಲ.

ಹೊರಡೋ ಹಿಂದಿನ ವಾರ ಅಪ್ಪ ಒಂದೇ ಒಂದು ಬೇಡಿಕೆ ಇಟ್ಟರು. "ನೋಡು ಪುಟ್ಟಿ, ಪ್ಲಾನ್ ಎಲ್ಲಾ ನಿಂದೇ. ಆದ್ರೆ ನನ್ನ ಪಾಸ್‌ಪೋರ್ಟ್ ನನ್ನ ಹತ್ರಾನೇ ಇರ್ಲಿ." ಇಡೀ ಪ್ರವಾಸವನ್ನು ಆ ಮಾತಿನ ಸುತ್ತಲೇ ಕಟ್ಟಿದೆ. ಕೆಳಗಿರುವ ಸಲಹೆಗಳೆಲ್ಲ ಅದರಿಂದಲೇ ಬಂದವು. ದೇಶ ಬೇರೆಯಾದರೂ ಬಹುಪಾಲು ನಿಮಗೂ ಹೊಂದುತ್ತವೆ.

ವಿಯೆಟ್ನಾಂ ಯಾಕೆ, ಯಾವಾಗ

ನಮಗಿಂತ ಒಂದೂವರೆ ಗಂಟೆ ಮಾತ್ರ ಮುಂದಿರುವ ದೇಶ. ಹಾಗಾಗಿ ನಿದ್ದೆಯೂ ಕೆಡಲ್ಲ, ಮಾತ್ರೆ ಟೈಮೂ ಏರುಪೇರಾಗಲ್ಲ. ಶುಗರ್ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ದುಂಡು ಪಿನ್ನಿನ ಚಾರ್ಜರ್ ಹೆಚ್ಚಿನ ಕಡೆ ಹಾಗೇ ಕೂರುತ್ತೆ. ಇನ್ನೊಂದು ಮಾತು, ಯಾರೂ ಕೇಳಲ್ಲ ಆದರೆ ಎಲ್ಲರಿಗೂ ಬೇಕು: ಅಲ್ಲಿನ ಟಾಯ್ಲೆಟ್‌ಗಳಲ್ಲಿ ನಮ್ಮ ಹಾಗೆ ನೀರಿನ ಜೆಟ್ ಇರೋದು ಮಾಮೂಲು. ಅಮ್ಮನಿಗೆ ಅರ್ಧ ಚಿಂತೆ ಅಲ್ಲೇ ಕಳೆಯಿತು.

ನಕ್ಷೆ ನೋಡಿದರೆ ವಿಯೆಟ್ನಾಂ ಉದ್ದಕ್ಕೆ ಹಗ್ಗದ ಹಾಗೆ ಚಾಚಿಕೊಂಡಿದೆ. ಉತ್ತರದಲ್ಲಿ ಹನೋಯ್, ಮಧ್ಯದಲ್ಲಿ ದಾ ನಾಂಗ್ ಮತ್ತು ಹೋಯಿ ಆನ್, ದಕ್ಷಿಣದಲ್ಲಿ ಹೋ ಚಿ ಮಿನ್ ಸಿಟಿ. ಮೂರೂ ಕಡೆ ಹವೆ ಬೇರೆ ಬೇರೆ. ನಮ್ಮ ದಸರಾ-ದೀಪಾವಳಿ ರಜೆಯಲ್ಲಿ ಹೋಗೋಣ ಅಂದ್ಕೊಂಡ್ರೆ ಮಧ್ಯ ವಿಯೆಟ್ನಾಂನಲ್ಲಿ ಅಕ್ಟೋಬರ್-ನವೆಂಬರ್ ಅಂದರೆ ಜೋರು ಮಳೆಗಾಲ, ಹೋಯಿ ಆನ್ ಬೀದಿಗಳಿಗೆ ಹೊಳೆ ನೀರು ನುಗ್ಗೋದೂ ಉಂಟು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ 'ತೆತ್' ಸಮಯದಲ್ಲಿ ಎಷ್ಟೋ ಅಂಗಡಿ-ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಮಾರ್ಚ್ ಒಳ್ಳೆಯದು. ಹನೋಯ್‌ನಲ್ಲಿ ಆಗ ತುಂತುರು ಮಳೆ, ತೆಳುವಾದ ಚಳಿ ಇರುತ್ತೆ, ಒಂದು ಸ್ವೆಟರ್ ಸಾಕು.

ಒಂಬತ್ತು ದಿನಕ್ಕೆ ಮೂರೂ ಭಾಗ ತುಂಬಿಸೋಕೆ ಹೋಗ್ಬೇಡಿ. ನಾವು ಹನೋಯ್ ಸುತ್ತ ನಾಲ್ಕು ದಿನ, ಅಲ್ಲಿಂದ ಸುಮಾರು ಒಂದೂಕಾಲು ಗಂಟೆ ವಿಮಾನದಲ್ಲಿ ದಾ ನಾಂಗ್‌ಗೆ ಹೋಗಿ ಹೋಯಿ ಆನ್‌ನಲ್ಲಿ ಉಳಿದ ದಿನ ಇದ್ದೆವು. ಎರಡೇ ಹೋಟೆಲ್. ಅಂದ್ರೆ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ಎರಡೇ ಸಲ.

ಹೆಸರಿನ ತಾಪತ್ರಯ

ಭಾರತೀಯರು ವಿಯೆಟ್ನಾಂಗೆ ಇ-ವೀಸಾ ಮಾಡಿಸಬೇಕು. ಒಂದು ಸಲದ ಪ್ರವೇಶಕ್ಕೆ ಸರ್ಕಾರಿ ಶುಲ್ಕ 25 ಡಾಲರ್. 2023ರ ಆಗಸ್ಟ್‌ನಿಂದ ಇದರ ಅವಧಿ 90 ದಿನದವರೆಗೂ ಸಿಗುತ್ತೆ. ಸರ್ಕಾರದ ವೆಬ್‌ಸೈಟ್ ಥರಾನೇ ಕಾಣುವ ಏಜೆಂಟ್ ಸೈಟುಗಳು ಬೇಕಾದಷ್ಟಿವೆ, ದುಪ್ಪಟ್ಟು ಕೇಳುತ್ತವೆ. ವಿಳಾಸ 'ಗವ್ ಡಾಟ್ ವಿಎನ್' ಅಂತ ಮುಗಿಯುತ್ತಾ ನೋಡಿಕೊಳ್ಳಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಲಿ.

ನಮ್ಮ ಕಡೆಯ ಹಿರಿಯರಿಗೆ ನಿಜವಾದ ತೊಡಕು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದಿರ್ತಾರೆ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿ. ವಿಮಾನದ ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, ಒಂದಕ್ಷರವೂ ಆಚೀಚೆ ಆಗಬಾರದು. ಬರೀ ಒಂದೇ ಹೆಸರಿರುವ ಪಾಸ್‌ಪೋರ್ಟ್ ಆದರೆ ಬುಕ್ ಮಾಡುವ ಮೊದಲೇ ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿ. ದುಬೈ ಕಡೆ ಹೋಗುವವರಂತೂ ಇದನ್ನು ಮರೆಯಲೇಬಾರದು, ಯುಎಇ 2022ರಿಂದ ಒಂಟಿ ಹೆಸರಿನ ವಿಷಯದಲ್ಲಿ ಬಿಗಿ ಮಾಡಿದೆ.

ವೀಸಾ ಫಾರ್ಮ್ ತುಂಬುವಾಗ ಅಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಅಕ್ಷರ ಓದಿಸಿದೆ. ಉತ್ತರ ಪತ್ರಿಕೆ ತಿದ್ದಿ ಪಳಗಿದ ಕಣ್ಣು, ಕೆಂಪು ಪೆನ್ನೊಂದೇ ಕಡಿಮೆ. ಅಪ್ಪನ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರಿದೆ. ಹನೋಯ್ ಹೋಟೆಲಿನ ರಿಸೆಪ್ಶನ್ ಹುಡುಗಿ ಒಂದು ವಾರ ಪೂರ್ತಿ ಪರಿಚಯ ಇದ್ದವಳ ಹಾಗೆ "ಗುಡ್ ಮಾರ್ನಿಂಗ್ ಮಿಸ್ಟರ್ ತಿಪಟೂರ್" ಅಂತಿದ್ದಳು. ಅಪ್ಪನಿಗೆ ಖುಷಿಯೋ ಖುಷಿ.

ಪ್ಯಾಕೇಜ್ ಟೂರ್ ತಗೊಳ್ಳುವವರಿಗೆ ಒಂದು ಮಾತು. ಬಿಲ್ಲಿನಲ್ಲಿ ಟಿಸಿಎಸ್ ಅಂತ ತೆರಿಗೆ ಸೇರಿರುತ್ತೆ. ಅದು ಯಾರ ಪ್ಯಾನ್ ನಂಬರಿಗೆ ಹೋಗುತ್ತೋ ಅವರು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಪಡೆಯಬಹುದು. ಯಾರ ಪ್ಯಾನ್ ಕೊಡ್ತಿದ್ದೀರಿ ಅಂತ ಯೋಚಿಸಿ ಕೊಡಿ.

ಮಾತ್ರೆ, ವಿಮೆ, ವ್ಹೀಲ್‌ಚೇರ್

ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲ್ಲ. ಬೇಕಾದ್ದಕ್ಕಿಂತ ಐದು ದಿನದ್ದು ಹೆಚ್ಚಿಗೆ ತಗೊಂಡು ಎರಡು ಭಾಗ ಮಾಡಿ ಇಬ್ಬರ ಬ್ಯಾಗಿನಲ್ಲಿ ಇಡಿ. ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಬೇಡಿ, ಸ್ಟ್ರಿಪ್‌ನಲ್ಲೇ ಇರಲಿ. ಡಾಕ್ಟರ್ ಹತ್ರ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆದ ಚೀಟಿ ಮಾಡಿಸಿಕೊಳ್ಳಿ. ನಮ್ಮ ಬ್ರ್ಯಾಂಡ್ ಹೆಸರು ಹೇಳಿದರೆ ಹೊರದೇಶದ ಮೆಡಿಕಲ್ ಶಾಪಿನವರಿಗೆ ಅರ್ಥ ಆಗಲ್ಲ, ಮೆಟ್ಫಾರ್ಮಿನ್ ಅಂದರೆ ಎಲ್ಲಿ ಬೇಕಾದರೂ ಆಗುತ್ತೆ. ಶುಗರ್ ಇರುವವರ ಎಲ್ಲಾ ಜೇಬಲ್ಲೂ ನಾಲ್ಕು ಕಲ್ಲುಸಕ್ಕರೆ ಇರಲಿ.

ವಿಮೆ ಕೊಳ್ಳುವಾಗ ಪ್ರೀಮಿಯಂ ಕಡಿಮೆ ಆಗಲಿ ಅಂತ ಬಿಪಿ-ಶುಗರ್ ಮುಚ್ಚಿಡಬೇಡಿ. ಮೊದಲೇ ಇರುವ ಕಾಯಿಲೆ ಹೇಳದೇ ಇದ್ದರೆ, ಆಸ್ಪತ್ರೆಗೆ ಸೇರಿದಾಗ ಕ್ಲೇಮ್ ತಿರಸ್ಕರಿಸೋಕೆ ಅದೊಂದೇ ಸಾಕು. ಹೇಳಿದ ಕಾಯಿಲೆಗೆ ಪಾಲಿಸಿ ನಿಜವಾಗಿ ಎಷ್ಟು ಕೊಡುತ್ತೆ ಅನ್ನೋ ಒಂದು ಪುಟ ಓದಿ. ಅಪ್ಪನಿಗೂ ಓದಿಸಿ. ಅವರ ಆರೋಗ್ಯದ ಬಗ್ಗೆ ಅವರಿಗೇ ಗೊತ್ತಿಲ್ಲದೆ ನಾವು ಟಿಕ್ ಮಾಡೋದು ಸರಿಯಲ್ಲ.

ವ್ಹೀಲ್‌ಚೇರ್ ಅಂದ ತಕ್ಷಣ ಅಮ್ಮ ರೇಗಿದಳು. "ನಾನೇನು ಪೇಷಂಟಾ?" ಅದಕ್ಕೆ ವಾದ ಮಾಡಲಿಲ್ಲ. ಏರ್‌ಪೋರ್ಟಿನಲ್ಲಿ ಗೇಟಿಗೆ ಎಷ್ಟು ದೂರ ನಡೀಬೇಕು, ಇಮಿಗ್ರೇಷನ್ ಸಾಲಲ್ಲಿ ಒಂದೊಂದ್ಸಲ ಗಂಟೆಗಟ್ಟಲೆ ನಿಲ್ಲಬೇಕಾಗುತ್ತೆ ಅಂತ ಹೇಳಿ, ತೀರ್ಮಾನ ಅವಳಿಗೇ ಬಿಟ್ಟೆ. ಎರಡು ದಿನ ಬಿಟ್ಟು "ಹೋಗೋವಾಗ ಬೇಡ, ಬರೋವಾಗ ಸುಸ್ತಾಗಿರುತ್ತೆ, ಆಗ ಇರ್ಲಿ" ಅಂದ್ಲು. ಹಾಗೇ ಮಾಡಿದೆವು. ಬೇಕಿದ್ದರೆ ಕಡೇ ಪಕ್ಷ 48 ಗಂಟೆ ಮೊದಲು ಏರ್‌ಲೈನ್‌ಗೆ ತಿಳಿಸಿ. ಹೊರಡೋ ಒಂದು ತಿಂಗಳು ಮುಂಚಿನಿಂದ ದಿನಾ ಸಂಜೆ ನಡಿಗೆ ಶುರು ಮಾಡಿಸಿ, ಅಲ್ಲಿ ಹಾಕೋ ಶೂನಲ್ಲೇ. ಹೊಸ ಶೂ ಹಾಕಿ ವಿಮಾನ ಹತ್ತಿದರೆ ಎರಡನೇ ದಿನಕ್ಕೆ ಕಾಲು ಬೊಬ್ಬೆ.

ದುಡ್ಡು ಅವರ ಕೈಲೂ ಇರಲಿ

ವಿಯೆಟ್ನಾಂ ಡಾಂಗ್ ನೋಟಿನಲ್ಲಿ ಸೊನ್ನೆಗಳ ಜಾತ್ರೆ. ನಮ್ಮ ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್. ಮೊದಲ ದಿನವೇ ಅಪ್ಪ ಸೂತ್ರ ಮಾಡಿಕೊಟ್ಟರು: ಕೊನೆಯ ಎರಡು ಸೊನ್ನೆ ಕಿತ್ತುಹಾಕಿ, 3ರಿಂದ ಭಾಗಿಸು. 30,000 ಡಾಂಗ್ ಅಂದರೆ 300, ಅದನ್ನು 3ರಿಂದ ಭಾಗಿಸಿದರೆ 100 ರೂಪಾಯಿ. ನಾನು ಫೋನ್ ತೆಗೆಯೋದರೊಳಗೆ ಅವರು ಉತ್ತರ ಹೇಳಿರ್ತಿದ್ದರು. ಒಂದು ಎಚ್ಚರ: 20,000 ಮತ್ತು 5,00,000ದ ನೋಟು ಎರಡೂ ನೀಲಿ. ಮಬ್ಬು ಬೆಳಕಿನಲ್ಲಿ ಅರವತ್ತೇಳು ರೂಪಾಯಿ ಕೊಡೋ ಕಡೆ ಸಾವಿರದ ಆರುನೂರು ಚಿಲ್ಲರೆ ಕೊಟ್ಟುಬಿಡಬಹುದು. ದೊಡ್ಡ ನೋಟು ಬೇರೆ ಜೇಬಲ್ಲಿ ಇಡೋದು ಸುಲಭದ ಉಪಾಯ.

ಯುಪಿಐ ಅಭ್ಯಾಸ ಆದವರು ಅದು ಇಲ್ಲ ಅಂದುಕೊಂಡೇ ಹೊರಡಿ. ಡಾಲರ್ ಒಯ್ದು ಅಲ್ಲಿ ಬ್ಯಾಂಕಿನಲ್ಲೋ ಅಧಿಕೃತ ಎಕ್ಸ್‌ಚೇಂಜ್‌ನಲ್ಲೋ ಬದಲಾಯಿಸಬಹುದು. ಕಾರ್ಡ್ ಒಯ್ಯೋದಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿ. 2020ರ ಆರ್‌ಬಿಐ ನಿಯಮದ ನಂತರ ಬಂದ ಕಾರ್ಡ್‌ಗಳಲ್ಲಿ ಅದು ತಾನಾಗೇ ಆನ್ ಇರಲ್ಲ. ಊರಿನ ಸಿಮ್ಮಿಗೆ ಒಟಿಪಿ ಬರೋ ಹಾಗೆ ರೋಮಿಂಗ್ ಇರಲಿ, ಇಂಟರ್ನೆಟ್‌ಗೆ ಬೇರೆ ಸಿಮ್ ಅಥವಾ ಇ-ಸಿಮ್ ತಗೊಳ್ಳಿ. ತಗೊಳ್ಳೋವಾಗ ಒಂದಲ್ಲ, ಪ್ರತಿಯೊಬ್ಬರ ಫೋನಿಗೂ ತಗೊಳ್ಳಿ. ಹಾಟ್‌ಸ್ಪಾಟ್ ಕೊಡ್ತೀನಿ ಅಂದರೆ ಅವರು ನಿಮ್ಮ ಹತ್ತು ಅಡಿ ಒಳಗೇ ಇರಬೇಕಾಗುತ್ತೆ.

ನಾವು ದಿನಾ ಬೆಳಿಗ್ಗೆ ಇಬ್ಬರಿಗೂ ಐದೈದು ಲಕ್ಷ ಡಾಂಗ್ ಕೈಗೆ ಕೊಡ್ತಿದ್ವಿ. ಖರ್ಚಿನ ಲೆಕ್ಕ ಅಪ್ಪನ ಡೈರಿಗೆ. ಮೂರನೇ ದಿನಕ್ಕೆ ಅಮ್ಮ ಹನೋಯ್ ಬೀದಿಯಲ್ಲಿ ತಲೆ ಮೇಲೆ ಶಂಕುವಿನಾಕಾರದ ಟೋಪಿ ಹಾಕಿದ ಹೆಂಗಸಿನ ಹತ್ರ ಪೇರಲೆ ಹಣ್ಣಿಗೆ ಚೌಕಾಸಿ ಮಾಡ್ತಿದ್ದಳು. ಇವಳದ್ದು ಕನ್ನಡ, ಅವಳದ್ದು ವಿಯೆಟ್ನಾಮಿ. ವ್ಯಾಪಾರ ಕುದುರಿತು.

ಹೊಟ್ಟೆಯ ಪ್ರಶ್ನೆ

ಸಸ್ಯಾಹಾರಿಗಳು ಕಲಿಯಬೇಕಾದ ಪದ ಒಂದೇ: 'ಚಾಯ್'. ಟೀ ಅಲ್ಲ. ಅವರ ಭಾಷೆಯಲ್ಲಿ ಬೌದ್ಧರ ಸಸ್ಯಾಹಾರಕ್ಕೆ ಚಾಯ್ ಅಂತಾರೆ. 'ತೋಯ್ ಆನ್ ಚಾಯ್' ಅಂದರೆ ನಾನು ಸಸ್ಯಾಹಾರಿ. ಬೋರ್ಡಿನಲ್ಲಿ ಆ ಪದ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ಬೇರೆ ಹೋಟೆಲಿನಲ್ಲಿ 'ವೆಜ್' ಅಂತ ಹೇಳಿ ಸುಮ್ಮನಾದರೆ ತರಕಾರಿ ಮೇಲೆ ಮೀನಿನ ಸಾಸ್ ಬರುತ್ತೆ. ಅದಕ್ಕೆ 'ನುವೋಕ್ ಮಾಮ್' ಅಂತಾರೆ, ಅವರ ಅಡುಗೆಯಲ್ಲಿ ನಮ್ಮ ಉಪ್ಪಿದ್ದ ಹಾಗೆ. ಅದು ಬೇಡ ಅಂತ ಬೇರೆಯಾಗೇ ಹೇಳಬೇಕು.

ಅಲ್ಲಿನ ಬೌದ್ಧರಲ್ಲಿ ಎಷ್ಟೋ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಚಾಯ್ ಊಟ ಮಾಡ್ತಾರೆ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ. ಇದನ್ನು ಕೇಳಿದ ಮೇಲೆ ಅಮ್ಮನಿಗೆ ಆ ದೇಶ ಅರ್ಧ ನೆಂಟರ ಮನೆ ಆಯ್ತು. ಟಿಕೆಟ್ ಬುಕ್ ಮಾಡೋ ಮುಂಚೆ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಎಂದು ಅಂತ ನೋಡಿ. ಆ ದಿನಗಳಲ್ಲಿ ಚಾಯ್ ಊಟ ಹುಡುಕೋದು ಸುಲಭ.

ಚಾಯ್ ಹೋಟೆಲುಗಳಲ್ಲಿ ಸೋಯಾದಿಂದ ಮಾಡಿದ ಮೀನು, ಕೋಳಿ ಆಕಾರದ ಪದಾರ್ಥಗಳೂ ಇರುತ್ತವೆ. ನೋಡಿ ಅಮ್ಮ ಬೆಚ್ಚಿಬಿದ್ದಳು, ಮೊದಲೇ ಹೇಳಿಟ್ಟಿರಿ. ಹನೋಯ್‌ನ ಹೆಸರುವಾಸಿ 'ಎಗ್ ಕಾಫಿ'ಯಲ್ಲಿ ಹೆಸರೇ ಹೇಳುವ ಹಾಗೆ ಮೊಟ್ಟೆ ಇದೆ. ಮಾಮೂಲಿ ಕಾಫಿ ಕೇಳಿ. ಲೋಟದ ಮೇಲೆ ಪುಟ್ಟ ಫಿಲ್ಟರ್ ಇಟ್ಟು ಹನಿಹನಿಯಾಗಿ ಇಳಿಸ್ತಾರೆ, ನಮ್ಮ ಮನೆ ಫಿಲ್ಟರಿನ ತಮ್ಮನ ಹಾಗಿದೆ. ಜಗತ್ತಿನಲ್ಲಿ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಹೆಚ್ಚಿನದು ರೊಬಸ್ಟಾ. ಗಂದಗಿನ ಹಾಲಿನ ಜೊತೆ ತುಂಬಾ ಸಿಹಿ, ಶುಗರ್ ಇರೋರು ಕಪ್ಪು ಕಾಫಿಯೇ ಕೇಳಬೇಕು.

ಬಿಳಿ ಅನ್ನ ಎಲ್ಲಾ ಕಡೆ ಸಿಗುತ್ತೆ. ಪುಳಿಯೋಗರೆ ಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿ ಇದ್ದರೆ ಯಾವ ರಾತ್ರಿಯೂ ಉಪವಾಸ ಇಲ್ಲ, ಹೋಟೆಲ್ ರೂಮಿನ ಕೆಟಲ್ ಬಿಸಿನೀರು ಸಾಕು. ಎಣ್ಣೆ ಇರುವ ಗೊಜ್ಜು, ಉಪ್ಪಿನಕಾಯಿ, ಖಾರದ ಪುಡಿ ಎಲ್ಲಾ ಚೆಕ್-ಇನ್ ಪೆಟ್ಟಿಗೆಗೆ. ಆದರೆ ನಮ್ಮ ತಿಪಟೂರು ಕಡೆಯವರು ಇದೊಂದು ಗಮನಿಸಿ: ಒಣಕೊಬ್ಬರಿಯನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವ ಹಾಗಿಲ್ಲ. ಎಣ್ಣೆ ಅಂಶ ಹೆಚ್ಚಿರೋದರಿಂದ ಅದನ್ನು ಬೆಂಕಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಬೆಳಿಗ್ಗೆ ಒಂದು, ಸಂಜೆ ಒಂದು

ದಿನಕ್ಕೆ ಎರಡೇ ಜಾಗ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ. ಈ ನಿಯಮದಿಂದ ನಾವು ಬಿಟ್ಟಿದ್ದು ಬಹಳ, ನೋಡಿದ್ದು ಚೆನ್ನಾಗಿ ನೋಡಿದೆವು. ರೀಲ್ಸ್‌ನಲ್ಲಿ ಕಂಡದ್ದಲ್ಲ, ಅವರಿಗೆ ಏನು ಹಿಡಿಸುತ್ತೆ ಅದನ್ನು ಹುಡುಕಿ.

ಹನೋಯ್‌ನಲ್ಲಿ 1070ರಲ್ಲಿ ಕಟ್ಟಿದ 'ಸಾಹಿತ್ಯ ದೇಗುಲ' ಇದೆ, ಕನ್‌ಫ್ಯೂಷಿಯಸ್‌ಗೆ ಮೀಸಲಾದದ್ದು. ಅಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು. 1442ರಿಂದ 1779ರವರೆಗಿನ ರಾಜ ಪರೀಕ್ಷೆಗಳಲ್ಲಿ ಪಾಸಾದವರ ಹೆಸರು, ಊರು ಅದರಲ್ಲಿ ಕೆತ್ತಿದೆ. "ರ‍್ಯಾಂಕ್ ಲಿಸ್ಟನ್ನ ಕಲ್ಲಲ್ಲಿ ಹಾಕಿದಾರಲ್ಲೇ!" ಅಂತ ಅಪ್ಪ ಒಂದೊಂದೇ ಆಮೆ ಎಣಿಸ್ತಾ ಒಂದೂವರೆ ಗಂಟೆ ಅಲ್ಲೇ ಇದ್ದರು.

ಹನೋಯ್‌ನಿಂದ ಎರಡು ಗಂಟೆ ದೂರದ ನಿನ್ ಬಿನ್ ಕಡೆ ತಾಮ್ ಕೊಕ್ ಅಂತ ಜಾಗ. ಗದ್ದೆಗಳ ನಡುವೆ ಹೊಳೆ, ಎರಡೂ ಕಡೆ ಸುಣ್ಣಕಲ್ಲಿನ ಬೆಟ್ಟ, ಮೂರು ಗುಹೆಗಳ ಒಳಗಿಂದ ದೋಣಿ ಹೋಗುತ್ತೆ. ದೋಣಿ ನಡೆಸುವವರು ಹಿಂದಕ್ಕೆ ಒರಗಿ ಕಾಲಿನಿಂದ ಹುಟ್ಟು ಹಾಕ್ತಾರೆ. ಕೂತಲ್ಲೇ ಎಲ್ಲಾ ಕಾಣೋದರಿಂದ ಮಂಡಿ ನೋವಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದಲ್ಲೇ ಇರುವ ಹಾಂಗ್ ಮುವಾ ಬೆಟ್ಟಕ್ಕೆ ಐನೂರರಷ್ಟು ಮೆಟ್ಟಿಲು, ಅದನ್ನು ಬಿಟ್ಟುಬಿಡಿ.

ಅಲ್ಲಿಂದ ಮಧ್ಯ ವಿಯೆಟ್ನಾಂಗೆ ಬಂದರೆ ಹೋಯಿ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಿ ಸನ್. ನಾಲ್ಕನೇ ಶತಮಾನದಿಂದ ಹದಿಮೂರನೇ ಶತಮಾನದವರೆಗೆ ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು. ಮೊದಲು ಕಟ್ಟಿಸಿದ ರಾಜ ಭದ್ರವರ್ಮ, ದೇವರು ಭದ್ರೇಶ್ವರ. 1969ರಲ್ಲಿ ಅಮೆರಿಕದ ಬಾಂಬ್ ದಾಳಿಯಲ್ಲಿ ಎಷ್ಟೋ ಗುಡಿ ಪುಡಿಯಾದವು, ಬಾಂಬ್ ಬಿದ್ದ ಗುಂಡಿಗಳು ಈಗಲೂ ಕಾಣುತ್ತವೆ. ನಮ್ಮ ಪುರಾತತ್ವ ಇಲಾಖೆಯೇ ಅಲ್ಲಿ ಜೀರ್ಣೋದ್ಧಾರ ಮಾಡಿದೆ, 2020ರಲ್ಲಿ ಆ ಕೆಲಸದ ವೇಳೆ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು. ಅಮ್ಮ ಗುಡಿ ಮುಂದೆ ಚಪ್ಪಲಿ ಬಿಟ್ಟಳು. ಯಾರೂ ಬಿಡಿ ಅಂದಿರಲಿಲ್ಲ. ಶಾಸನದ ಕಲ್ಲು ನೋಡಿ "ಹಳಗನ್ನಡದ ಥರಾನೇ ಇದೆಯಲ್ಲೇ" ಅಂದ್ಲು. ಎರಡೂ ಬ್ರಾಹ್ಮಿಯಿಂದಲೇ ಬೆಳೆದ ಲಿಪಿಗಳು, ಹಾಗನ್ನಿಸೋದು ಸಹಜ. ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಜೋರು. ಗೇಟಿನಿಂದ ಒಳಗೆ ಬ್ಯಾಟರಿ ಗಾಡಿ ಇದೆ.

ರಸ್ತೆ ದಾಟೋದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ. ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಹಾಗಾಗಿ ಮೊದಲು ನೋಡಬೇಕಾದ್ದು ಎಡಕ್ಕೆ. ಹಿರಿಯರ ಕತ್ತು ಅಭ್ಯಾಸಬಲದಿಂದ ಬಲಕ್ಕೇ ತಿರುಗುತ್ತೆ. ಸ್ಕೂಟರುಗಳ ಹೊಳೆ ನಿಲ್ಲಲ್ಲ, ಒಂದೇ ಸಮ ನಿಧಾನವಾಗಿ ನಡೆದರೆ ಅವೇ ಸುತ್ತಿಕೊಂಡು ಹೋಗುತ್ತವೆ. ಓಡಬಾರದು, ಹಿಂದಕ್ಕೆ ಬರಬಾರದು.

ಹೋಯಿ ಆನ್‌ನ ನಲವತ್ತು ನಿಮಿಷ

ಹೊರಡೋ ಮುಂಚೆ ಇಬ್ಬರಿಗೂ ಒಂದೊಂದು ಕಾರ್ಡ್ ಮಾಡಿ ಲ್ಯಾಮಿನೇಟ್ ಮಾಡಿಸಿದ್ದೆ. ವಿಯೆಟ್ನಾಮಿ ಭಾಷೆಯಲ್ಲಿ ಹೋಟೆಲ್ ಹೆಸರು, ವಿಳಾಸ, ನನ್ನ ನಂಬರ್, ಇರುವ ಕಾಯಿಲೆ, ರಕ್ತದ ಗುಂಪು, ಸಸ್ಯಾಹಾರಿ ಅನ್ನೋ ಮಾತು. ಹಿಂದೆ ಅಲ್ಲಿನ ತುರ್ತು ಸಂಖ್ಯೆಗಳು: ಪೊಲೀಸ್ 113, ಆಂಬುಲೆನ್ಸ್ 115. ಜೊತೆಗೆ ಒಂದು ಒಪ್ಪಂದ: ಕೈ ತಪ್ಪಿದರೆ ಯಾರೂ ಯಾರನ್ನೂ ಹುಡುಕಬಾರದು, ನೇರ ಹೋಟೆಲ್ ರಿಸೆಪ್ಶನ್‌ಗೆ ಬರಬೇಕು.

ಹೋಯಿ ಆನ್ ಹಳೆ ಪೇಟೆಯಲ್ಲಿ ಚಾಂದ್ರಮಾನ ತಿಂಗಳ ಹದಿನಾಲ್ಕನೇ ದಿನ ದೀಪದ ಹಬ್ಬ. ವಿದ್ಯುತ್ ದೀಪ ಆರಿಸಿ ಬೀದಿ ತುಂಬಾ ಕಾಗದ-ರೇಷ್ಮೆಯ ಲಾಂದ್ರ ಹಚ್ತಾರೆ, ಹೊಳೆಯಲ್ಲಿ ದೀಪ ತೇಲಿಬಿಡ್ತಾರೆ. ನೋಡೋಕೆ ಬಲು ಚಂದ, ಜನ ಮಾತ್ರ ನಮ್ಮ ಕಡಲೆಕಾಯಿ ಪರಿಷೆ ಥರ. ಅಮ್ಮ, ನಾನು ದೀಪ ಬಿಟ್ಟು ತಿರುಗಿದರೆ ಅಪ್ಪ ಇಲ್ಲ. ಫೋನ್ ಸ್ವಿಚ್ ಆಫ್. ರಾತ್ರಿ ಊಟ ಇನ್ನೂ ಆಗಿರಲಿಲ್ಲ.

ಒಪ್ಪಂದದ ಪ್ರಕಾರ ಹೋಟೆಲ್‌ಗೆ ಬಂದು ಕೂತೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಮ್ಮ ಮಾತಾಡೋದು ನಿಲ್ಲಿಸಿ ಕಣ್ಣು ಮುಚ್ಚಿ ತುಟಿ ಆಡಿಸ್ತಾ ಇದ್ದಳು. ನನ್ನ ತಲೆಯಲ್ಲಿ ಓಡ್ತಿದ್ದದ್ದು ಶುಗರ್ ಒಂದೇ. ಇಳಿದುಬಿಟ್ಟರೆ? ಎಲ್ಲೋ ಕೂತುಬಿಟ್ಟರೆ? ರಿಸೆಪ್ಶನ್ ಹುಡುಗನಿಗೆ 113ಕ್ಕೆ ಫೋನ್ ಮಾಡಿಸೋಣ ಅಂತ ಎದ್ದೆ. ನಲವತ್ತು ನಿಮಿಷ ಆಗಿತ್ತು. ಅಷ್ಟರಲ್ಲಿ ಬಾಗಿಲ ಮುಂದೆ ಟ್ಯಾಕ್ಸಿ ನಿಂತಿತು. ಅಪ್ಪ ಇಳಿದು, ನೋಟನ್ನು ಬೆಳಕಿಗೆ ಹಿಡಿದು ನೋಡಿ ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಒಳಗೆ ಬಂದರು.

ಆದದ್ದಿಷ್ಟು. ಜನರ ನೂಕಿನಲ್ಲಿ ಬೇರೆ ಬೀದಿಗೆ ಹೋಗಿದ್ದಾರೆ, ಫೋನ್ ಸತ್ತಿದೆ. ಜೇಬಿನ ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಂಡು ಒಂದು ಟೈಲರ್ ಅಂಗಡಿಗೆ ಹೋಗಿ ಕಾರ್ಡ್ ತೋರಿಸಿದ್ದಾರೆ. ಆ ಊರು ಹೊಲಿಗೆಗೆ ಹೆಸರುವಾಸಿ. ಅಂಗಡಿಯಾಕೆ ಕೂರಿಸಿ ನೀರು ಕೊಟ್ಟು ಟ್ಯಾಕ್ಸಿಗೆ ಫೋನ್ ಮಾಡಿದ್ದಾಳೆ. ಟ್ಯಾಕ್ಸಿ ಬರೋದು ತಡ ಆಯ್ತಂತೆ. "ಸುಮ್ನೆ ಯಾಕೆ ಕೂರೋದು ಅಂತ ಒಂದು ಷರ್ಟಿಗೆ ಅಳತೆ ಕೊಟ್ಟೆ. ನಾಳೆ ಸಂಜೆ ಕೊಡ್ತಾಳಂತೆ" ಅಂದ್ರು.

ಅಮ್ಮ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ಷರ್ಟಿನ ಬಣ್ಣ ಯಾವುದು ಅಂತ ಕೇಳಿದಳು.

ಆ ರಾತ್ರಿ ಮಲಗಿದಾಗ ಯೋಚಿಸಿದ್ದು ಇದನ್ನೇ. ಪಾಸ್‌ಪೋರ್ಟ್, ದುಡ್ಡು, ವಿಳಾಸ ಎಲ್ಲಾ ನನ್ನ ಬ್ಯಾಗಿನಲ್ಲೇ ಇದ್ದು ಅಪ್ಪನ ಜೇಬು ಖಾಲಿ ಇದ್ದಿದ್ದರೆ? ಜೇಬು ತುಂಬಿದ್ದಕ್ಕಿಂತ ದೊಡ್ಡದು, ಅದನ್ನು ಬಳಸೋ ಅಭ್ಯಾಸ ಅಷ್ಟು ಹೊತ್ತಿಗೆ ಅವರಿಗೆ ಆಗಿತ್ತು. ಆರು ದಿನ ತಾವೇ ಕಾಫಿ ಕೊಂಡಿದ್ದರು, ತಾವೇ ದಾರಿ ಕೇಳಿದ್ದರು. ಮಾರನೇ ದಿನ ಸಂಜೆ ಷರ್ಟ್ ತರೋಕೆ ನಾನೂ ಹೊರಟೆ. "ನೀನ್ಯಾಕೆ, ನಂಗೆ ದಾರಿ ಗೊತ್ತಲ್ಲ" ಅಂತ ಫೋನ್ ಚಾರ್ಜ್ ಎಷ್ಟಿದೆ ನೋಡಿಕೊಂಡು ಒಬ್ಬರೇ ಹೋದರು. ಹೋಗಲಿ ಅಂತ ಬಿಡೋದು ನನಗೆ ಸುಲಭ ಇರಲಿಲ್ಲ. ಬಿಟ್ಟೆ.

ನೀವು ಹೊರಡುವ ಮುಂಚೆ

ಇಷ್ಟು ಮಾಡಿ. ಪಾಸ್‌ಪೋರ್ಟ್ ಅವರವರ ಹತ್ತಿರ ಇರಲಿ, ಅದರ ಫೋಟೋ ಮಾತ್ರ ನಿಮ್ಮ ಫೋನಿನಲ್ಲಿ. ದಿನದ ದುಡ್ಡು ಅವರ ಕೈಗೆ, ಸಿಮ್ ಅವರ ಫೋನಿಗೆ, ಒಂದು ಪವರ್ ಬ್ಯಾಂಕ್ ಅವರ ಚೀಲಕ್ಕೆ. ಪವರ್ ಬ್ಯಾಂಕ್ ಚೆಕ್-ಇನ್ ಪೆಟ್ಟಿಗೆಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡದಲ್ಲೇ ಮಾತಾಡಿ ಆ ದೇಶದ ಭಾಷೆಗೆ ತಿರುಗಿಸೋದನ್ನು ಮನೆಯಲ್ಲೇ ಎರಡು ದಿನ ಆಟದ ಥರ ಕಲಿಸಿ. ಮನೆಯವರೆಲ್ಲ ಸೇರಿ ಒಪ್ಪಿದ ಒಂದು 'ಕೈ ತಪ್ಪಿದರೆ' ನಿಯಮ ಇರಲಿ. ಪ್ರತಿಯೊಬ್ಬರಿಗೂ ಒಂದು ಜವಾಬ್ದಾರಿ ಕೊಡಿ, ತೋರಿಕೆಗೆ ಅಲ್ಲ, ನಿಜವಾದದ್ದು. ದಿನಕ್ಕೊಂದು ಗಂಟೆ ಅವರನ್ನು ಅವರ ಪಾಡಿಗೆ ಬಿಡಿ.

ದಿನಾಂಕವನ್ನೂ ಈಗಲೇ ಗೊತ್ತು ಮಾಡಿ. ರಿಲೀಸ್ ಮುಂದಕ್ಕೆ ಹಾಕಬಹುದು, ಮಂಡಿಗಳನ್ನು ಹಾಗೆ ಮುಂದಕ್ಕೆ ಹಾಕೋಕೆ ಆಗಲ್ಲ.

ಅಪ್ಪ ಈಗ ರಿಟೈರ್ ಆದ ಇಬ್ಬರು ಮೇಷ್ಟ್ರುಗಳನ್ನು ಸೇರಿಸಿಕೊಂಡು ಅಂಕೋರ್ ವಾಟ್ ನೋಡೋಕೆ ಕಾಂಬೋಡಿಯಾಗೆ ಹೋಗೋ ಲೆಕ್ಕಾಚಾರದಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿ ವೀಸಾ ಸೈಟಿನ ವಿಳಾಸ ಕೇಳಿದರು. ಕಳಿಸಿದೆ. ಫಾರ್ಮ್ ಅವರೇ ತುಂಬ್ತಾರಂತೆ.